ಕಾಟಾ ಚೀಟಿ ಓದುವ ಬಿಲ್ಲಿಂಗ್ ಸಾಫ್ಟ್‌ವೇರ್: ಹಳೆಯ ಡೆಸ್ಕ್‌ಟಾಪ್ ಪ್ರೋಗ್ರಾಮಿಗೆ ಎಐ ಜೋಡಿಸುವ ಬಗೆ

"ಎಲ್ಲಾರೂ ಎಐ, ಎಐ ಅನ್ನಾಕತ್ತಾರಲ್ರೀ. ನಮ್ಮ ಸಾಫ್ಟ್‌ವೇರ್‌ದಾಗೂ ಒಂದೀಟು ಹಾಕ್ರಿ."

ಹಾವೇರಿ ಕಡೆಯ ಒಂದು ದಲಾಲಿ ಅಂಗಡಿಯ ಸಾಹುಕಾರರು ಹೀಗೆ ಅಂದಾಗ ನಾನು ನಕ್ಕು ಸುಮ್ಮನಾಗಿದ್ದೆ. ಹುಬ್ಬಳ್ಳಿಯಲ್ಲಿ ಕೂತು ಇಂಥ ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಅವರ ಅಂಗಡಿಯಲ್ಲಿ ಓಡುತ್ತಿರುವುದು ಹಳೆಯ ವಿನ್‌ಫಾರ್ಮ್ಸ್ ಪ್ರೋಗ್ರಾಮು, ಅದರ ಹೊಟ್ಟೆಯೊಳಗೆ ಆಕ್ಸೆಸ್ ಡೇಟಾಬೇಸ್. ಸುಗ್ಗಿಯಲ್ಲಿ ದಿನಕ್ಕೆ ನೂರಾರು ಪಟ್ಟಿ (ಬಿಲ್ಲು) ಅದರಿಂದಲೇ ಹೊರಬೀಳುತ್ತವೆ. ಇದನ್ನೆಲ್ಲ ಕೆಡವಿ ಹೊಸದಾಗಿ ಕಟ್ಟುವ ಮಾತೇ ಇರಲಿಲ್ಲ. ಆದರೆ ಸಿದ್ಧ ಬಿಡಿಭಾಗಗಳನ್ನು ತಂದು ಅದೇ ಪ್ರೋಗ್ರಾಮಿಗೆ ಜೋಡಿಸಲು ಬರುತ್ತದೆ. ಹೇಗೆ ಮಾಡಿದೆ, ಎಲ್ಲಿ ಎಡವಿದೆ ಎಂಬುದು ಇಲ್ಲಿದೆ. ಸಿ ಶಾರ್ಪ್ ಅಲ್ಪಸ್ವಲ್ಪ ಬಲ್ಲವರಿಗೆ ಸಾಕು. ಮಷೀನ್ ಲರ್ನಿಂಗ್ ಓದಿರಬೇಕಿಲ್ಲ, ನಾನೂ ಓದಿಲ್ಲ.

ಮೊದಲು ಗುಮಾಸ್ತರ ಪಕ್ಕ ಒಂದು ದಿನ ಕೂತುಕೊಳ್ಳಿ

ಕಂಪ್ಯೂಟರ್ ಮುಟ್ಟಬೇಡಿ, ನೋಡಿ ಅಷ್ಟೇ. ಕೈ ಎಲ್ಲಿ ನಿಲ್ಲುತ್ತದೆ, ಒಂದೇ ವಿಷಯವನ್ನು ಎಲ್ಲಿ ಎರಡು ಸಲ ಬಡಿಯುತ್ತಾರೆ, ಎಲ್ಲಿ ಎದ್ದು ಹೋಗಿ ಇನ್ನೊಬ್ಬರನ್ನು ಕೇಳಿಕೊಂಡು ಬರುತ್ತಾರೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿ. ನನ್ನ ಹಾಳೆಯಲ್ಲಿ ಮೂರು ಗುರುತು ಬಿದ್ದವು. ರೈತರ ಹೆಸರು ಹುಡುಕುವಾಗ ಸಿಗದೆ ಅದೇ ರೈತನಿಗೆ ಹೊಸ ಖಾತೆ ತೆರೆಯುವುದು. ಗೋವಿನಜೋಳದ ಲಾರಿ ಬಂದಾಗ ಕಾಟಾ ಚೀಟಿಯ, ಅಂದರೆ ಲಾರಿ ತೂಗುವ ಕಾಟಾದಲ್ಲಿ ಕೊಡುವ ತೂಕದ ಚೀಟಿಯ ಅಂಕಿಗಳನ್ನು ಒಂದೊಂದಾಗಿ ಬಡಿಯುವುದು. ಸಂಜೆ ಸಾಹುಕಾರರು ಏನಾದರೂ ಲೆಕ್ಕ ಕೇಳಿದರೆ ನನಗೆ ಫೋನ್ ಮಾಡುವುದು.

ಬಲದ ಮೂಲೆಯಲ್ಲಿ ಹರಟೆಯ ಚಾಟ್ ಪೆಟ್ಟಿಗೆ ಬೇಕು ಎಂದು ಆ ಹಾಳೆ ಎಲ್ಲಿಯೂ ಹೇಳಲಿಲ್ಲ. ಆದ್ದರಿಂದ ಅದನ್ನು ಹಾಕಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ಫೋಟೊ ಹೊಡೆದರೆ ರೇಟು ಹೇಳುವ ಹಾಗೆ ಮಾಡಲು ಬರುತ್ತದೆಯೇ ಎಂದು ಮಗದೊಬ್ಬರು ಕೇಳಿದರು. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೇ ಅದರ ಬಣ್ಣದ ಬಲದಿಂದ. ಖಾರ ಕಡಿಮೆ, ಕೆಂಪು ಜಾಸ್ತಿ. ಆದರೆ ಖರೀದಿದಾರ ಕಾಯಿಯನ್ನು ಮುರಿದು ನೋಡುತ್ತಾನೆ, ಮುಷ್ಟಿಯಲ್ಲಿ ಹಿಡಿದು ಹಸಿ ಇದೆಯೋ ಒಣಗಿದೆಯೋ ಅಂದಾಜಿಸುತ್ತಾನೆ. ಮೊಬೈಲ್ ಕ್ಯಾಮೆರಾ ಟ್ಯೂಬ್‌ಲೈಟ್ ಕೆಳಗೆ ಒಂದು ಕೆಂಪು ತೋರಿಸಿದರೆ ಬಿಸಿಲಲ್ಲಿ ಇನ್ನೊಂದು ತೋರಿಸುತ್ತದೆ. ಬರುವುದಿಲ್ಲ ಎಂದೆ. ಇಲ್ಲ ಎನ್ನುವುದೂ ಈ ಕೆಲಸದಲ್ಲಿ ಒಂದು ಹಂತವೇ.

ಡೇಟಾ "ನುಡಿ" ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ತನ್ನಿ

ನಮ್ಮ ಕಡೆಯ ಹಳೆಯ ಪ್ರೋಗ್ರಾಮುಗಳಲ್ಲಿ ಕನ್ನಡದ ಹೆಸರುಗಳು ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಕೂತಿರುತ್ತವೆ. ಪರದೆಯ ಮೇಲೆ ಕನ್ನಡ, ಡೇಟಾಬೇಸ್ ಒಳಗೆ ಚಿತ್ರವಿಚಿತ್ರ ಇಂಗ್ಲಿಷ್ ಗುರುತುಗಳು. ಗದಗಿನ ಪ್ರೆಸ್‌ಗಳಲ್ಲಿ ಕೆಲಸ ಮಾಡಿದವರಿಗೆ ಈ ಫಜೀತಿ ಚೆನ್ನಾಗಿ ಗೊತ್ತು. ಯಾವ ಎಐ ಬಿಡಿಭಾಗ ತಂದರೂ ಈ ಡೇಟಾ ಅದಕ್ಕೆ ಅರ್ಥವಾಗದು.

ಡೇಟಾಬೇಸ್‌ನ ನಕಲು ತೆಗೆದಿಟ್ಟು, ನಕಲಿನ ಮೇಲೆ ಪರಿವರ್ತಕ ಓಡಿಸಿ. ಒಂದು ಗುರುತಿಗೆ ಒಂದು ಅಕ್ಷರ ಎಂಬ ನೇರ ಬದಲಿ ಇಲ್ಲಿ ನಡೆಯುವುದಿಲ್ಲ. ಆಸ್ಕಿ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. "ಧರ್ಮಪ್ಪ", "ಕರ್ಜಗಿ" ಇಂಥ ಹೆಸರುಗಳನ್ನು ಮೊದಲು ಪರೀಕ್ಷಿಸಿ. ಇವು ಸರಿ ಬಂದರೆ ಉಳಿದವು ಬಹುಪಾಲು ಸರಿ ಬರುತ್ತವೆ.

ಯೂನಿಕೋಡ್ ಆದ ಮೇಲೂ ಎರಡು ಕಳ್ಳರು ಉಳಿಯುತ್ತಾರೆ. "ಕೊಟ್ರಪ್ಪ"ದ ಒಕಾರವನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂದು ಎರಡು ಸಂಕೇತ ಕೂಡಿಸಿಯೂ ಬರೆಯಬಹುದು. ನೋಡಲು ಒಂದೇ, ಹೋಲಿಸಿದರೆ ಬೇರೆ. ಡಾಟ್ ನೆಟ್‌ನ ಸ್ಟ್ರಿಂಗಿಗೆ ನಾರ್ಮಲೈಸ್ ಎಂಬ ಮೆಥಡ್ ಇದೆ, ಉಳಿಸುವ ಮುನ್ನ ಅದನ್ನು ಕರೆಯಿರಿ. ಇನ್ನೊಂದು, ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕ ಗುರುತುಗಳು. ಹೋಲಿಕೆಗೆ ಮುಂಚೆ ಅವನ್ನು ಕಿತ್ತುಹಾಕಿ. ಇಷ್ಟೇ ಮಾಡಿದ್ದಕ್ಕೆ ಎರಡೆರಡು ಇದ್ದ ಎಷ್ಟೋ ಖಾತೆಗಳು ನಮ್ಮಲ್ಲಿ ಒಂದಾದವು. ಎಐ ಇನ್ನೂ ಬಾಗಿಲ ಹೊರಗೇ ನಿಂತಿತ್ತು.

ಹೆಸರು ಹುಡುಕಾಟ: ಇಲ್ಲಿ ಎಐ ಬೇಡವೆಂದು ತಿಳಿದದ್ದು ತಡವಾಗಿ

ಹನುಮಂತಪ್ಪ, ಹನಮಂತಪ್ಪ, ಹಣಮಂತಪ್ಪ, ಹಣಮಪ್ಪ. ನಮ್ಮ ಕಡೆ ನಾಲ್ವರು ಗುಮಾಸ್ತರು ಒಂದೇ ಮನುಷ್ಯನನ್ನು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ನಾನು ಹುರುಪಿನಲ್ಲಿ ಎಂಬೆಡಿಂಗ್ ಮಾಡೆಲ್ ಒಂದನ್ನು ತಂದು ಜೋಡಿಸಿದೆ. ಪದದ ಅರ್ಥವನ್ನು ಅಂಕಿಗಳ ಸಾಲಾಗಿ ಮಾರ್ಪಡಿಸಿ, ಹತ್ತಿರದ ಅರ್ಥದವನ್ನು ಹುಡುಕಿಕೊಡುವ ಮಾಡೆಲ್ ಅದು. ಬಸಪ್ಪ ಎಂದು ಹುಡುಕಿದರೆ ಬಸಮ್ಮನನ್ನು ಮೇಲೆ ತಂದಿತು. ತಪ್ಪು ಅದರದ್ದಲ್ಲ, ಅರ್ಥದ ಲೆಕ್ಕದಲ್ಲಿ ಎರಡೂ ಹತ್ತಿರವೇ. ಖಾತೆಯ ಲೆಕ್ಕದಲ್ಲಿ ಮಾತ್ರ ದುಡ್ಡು ಬೇರೆಯವರ ಮನೆಗೆ ಹೋಗುತ್ತದೆ.

ಅದನ್ನು ತೆಗೆದು, ಎರಡು ಪದಗಳ ನಡುವೆ ಎಷ್ಟು ಅಕ್ಷರ ಬದಲಿಸಬೇಕು ಎಂದು ಎಣಿಸುವ ಹಳೆಯ ಲೆವೆನ್‌ಸ್ಟೈನ್ ವಿಧಾನ ಹಾಕಿದೆ. 1965ರಷ್ಟು ಹಳೆಯದು. ಅದರ ಮುಂದೆ ನಮ್ಮ ನಾಲಿಗೆಗೆ ಹೊಂದುವ ಮೂರು ನಿಯಮ ಇಟ್ಟೆ: ನ ಮತ್ತು ಣ ಒಂದೇ, ಲ ಮತ್ತು ಳ ಒಂದೇ, ಶ, ಷ, ಸ ಮೂರೂ ಒಂದೇ ಎಂದು ಹೋಲಿಕೆಯ ಹೊತ್ತಿಗೆ ಮಾತ್ರ ಭಾವಿಸುವುದು. ಹೆಸರಿನ ಕೆಳಗೆ ಊರು, ತಂದೆಯ ಹೆಸರು ತೋರಿಸಿ ಆಯ್ಕೆಯನ್ನು ಗುಮಾಸ್ತರಿಗೆ ಬಿಟ್ಟೆ. ಐವತ್ತು ಸಾಲಿನ ಕೋಡು. ಸಾಹುಕಾರರಿಗೆ ಅದೇ ಎಐ ಅನ್ನಿಸಿತು, ನಾನು ತಿದ್ದಲು ಹೋಗಲಿಲ್ಲ.

ಕಾಟಾ ಚೀಟಿ

ಈಗ ನಿಜವಾಗಿ ಬಿಡಿಭಾಗ ತರುವ ಕೆಲಸ. ಚಿತ್ರದಿಂದ ಅಕ್ಷರ ಓದಲು ಟೆಸರಾಕ್ಟ್ ಆರಿಸಿದೆ. ಎಚ್‌ಪಿ ಕಂಪನಿಯಲ್ಲಿ ಎಂಬತ್ತರ ದಶಕದಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾದದ್ದು. ಅಪಾಚೆ ಪರವಾನಗಿ, ಮಾರುವ ಪ್ರೋಗ್ರಾಮಿನಲ್ಲೂ ಬಳಸಬಹುದು. ವಿಷುಯಲ್ ಸ್ಟುಡಿಯೋದ ನುಗೆಟ್‌ನಲ್ಲಿ ಅದೇ ಹೆಸರಿನಿಂದ ಹುಡುಕಿದರೆ ಡಾಟ್ ನೆಟ್ ಹೊದಿಕೆ ಸಿಗುತ್ತದೆ. ಭಾಷೆಯ ಡೇಟಾ ಫೈಲನ್ನು ಬೇರೆ ಇಳಿಸಿಕೊಂಡು ಪ್ರೋಗ್ರಾಮಿನ ಪಕ್ಕದ ಫೋಲ್ಡರಿನಲ್ಲಿ ಇಡಬೇಕು. ಕನ್ನಡದ ಫೈಲೂ ಇದೆ. ಆದರೆ ಕಾಟಾ ಚೀಟಿಯಲ್ಲಿ ಅಚ್ಚಾಗುವುದು ಇಂಗ್ಲಿಷ್ ಅಂಕಿ. ಇಲ್ಲಿ ಇಂಗ್ಲಿಷ್ ಫೈಲೊಂದನ್ನೇ ಕೊಡಿ. ಎರಡನ್ನೂ ಕೊಟ್ಟರೆ ಸೊನ್ನೆಯನ್ನು ಅನುಸ್ವಾರವೆಂದು ಓದುವ ಚಾಳಿ ಶುರುವಾಗುತ್ತದೆ.

ಇಡೀ ಚೀಟಿಯನ್ನು ಓದಿಸಬೇಡಿ. ಒಂದು ಕಾಟಾದ ಚೀಟಿಯ ನಮೂನೆ ದಿನದಿನಕ್ಕೆ ಬದಲಾಗುವುದಿಲ್ಲ. ಗ್ರಾಸ್ (ಮಾಲು ಸಮೇತ ಲಾರಿಯ ತೂಕ), ಟೇರ್ (ಖಾಲಿ ಲಾರಿಯ ತೂಕ), ನೆಟ್ (ಬರೀ ಮಾಲಿನ ತೂಕ) ಈ ಮೂರು ಅಂಕಿಗಳು ಎಲ್ಲಿ ಬೀಳುತ್ತವೆ ಎಂದು ಒಮ್ಮೆ ಗುರುತಿಸಿ, ಆ ಮೂರು ತುಂಡನ್ನು ಮಾತ್ರ ಕತ್ತರಿಸಿ ಕೊಡಿ. ಪುಟ ವಿಭಜನೆಯ ಬಗೆ 7 ಎಂದು ಇಡಿ, ಅಂದರೆ ಇದು ಒಂದೇ ಸಾಲು ಎಂದು ಹೇಳಿದ ಹಾಗೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಮತ್ತು ಚುಕ್ಕೆ ಬಿಟ್ಟು ಬೇರೇನೂ ಓದಬೇಡ ಎಂಬ ಪಟ್ಟಿಯನ್ನೂ ಕೊಡಬಹುದು, 4.0 ಆವೃತ್ತಿಯ ಹೊಸ ಎಂಜಿನ್‌ನಲ್ಲಿ ಇದು ಕೆಲಸ ಮಾಡುತ್ತಿರಲಿಲ್ಲ, 4.1ರಿಂದ ಮಾಡುತ್ತದೆ.

ಹಲವು ಕಾಟಾಗಳಲ್ಲಿ ಇನ್ನೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ರಿಬ್ಬನ್ ಒಣಗಿದ್ದರೆ ಅಂಕಿ ಎಂದರೆ ಬಿಡಿ ಚುಕ್ಕೆಗಳ ರಂಗೋಲಿ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಬಣ್ಣ ತೆಗೆದು, ಚಿತ್ರವನ್ನು ತುಸು ಮಸುಕು ಮಾಡಿ ಮತ್ತೆ ಕಪ್ಪು ಬಿಳುಪು ಮಾಡಿದರೆ ಚುಕ್ಕೆಗಳು ಒಂದಕ್ಕೊಂದು ಅಂಟಿ ಅಂಕಿ ಕೂಡಿಕೊಳ್ಳುತ್ತದೆ. ಈ ಒಂದು ಉಪಾಯ ಮಾಡೆಲ್ ಬದಲಿಸುವುದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಕೈಬರಹದ ಚೀಟಿಯ ಆಸೆ ಬಿಡಿ, ಟೆಸರಾಕ್ಟ್ ಅದಕ್ಕೆ ಹುಟ್ಟಿದ್ದಲ್ಲ.

ಓದಿದ್ದು ಸರಿಯೋ ತಪ್ಪೋ ಎಂದು ಪ್ರೋಗ್ರಾಮಿಗೆ ಹೇಗೆ ಗೊತ್ತಾಗಬೇಕು? ಎಂಜಿನ್ ತನ್ನ ಭರವಸೆಯ ಅಂಕ ಕೊಡುತ್ತದೆ, ಆದರೆ ಅದು ಧೈರ್ಯವಾಗಿ ಸುಳ್ಳು ಹೇಳುವುದನ್ನೂ ನೋಡಿದ್ದೇನೆ. ಚೀಟಿಯಲ್ಲೇ ಇನ್ನೊಂದು ಸಾಕ್ಷಿ ಇದೆ. ಗ್ರಾಸ್‌ನಿಂದ ಟೇರ್ ಕಳೆದರೆ ನೆಟ್ ಬರಲೇಬೇಕು. 8 ಅನ್ನು 3 ಎಂದು ಓದಿದರೆ ಕಳೆಯುವ ಲೆಕ್ಕ ತಾಳೆಯಾಗುವುದಿಲ್ಲ, ಪೆಟ್ಟಿಗೆ ಕೆಂಪಾಗುತ್ತದೆ, ಗುಮಾಸ್ತರು ಕೈಯಿಂದ ಬಡಿಯುತ್ತಾರೆ. ತಾಳೆಯಾದರೂ ನೇರ ಉಳಿಸಬೇಡಿ. ಚೀಟಿಯ ತುಂಡನ್ನು ಅಂಕಿಯ ಪಕ್ಕದಲ್ಲೇ ತೋರಿಸಿ, ಎಂಟರ್ ಒತ್ತಿದ ಮೇಲೆ ಉಳಿಯಲಿ. ನಿಮ್ಮ ಕೆಲಸ ಕಾಟಾದ್ದಲ್ಲದಿರಬಹುದು. ಜಿಎಸ್‌ಟಿ ಬಿಲ್ಲಿನಲ್ಲೂ ತೆರಿಗೆ ಮತ್ತು ಮೊತ್ತ ತಾಳೆಯಾಗಬೇಕು. ನಿಮ್ಮ ಕಾಗದದಲ್ಲಿ ಅಂಥ ಸಾಕ್ಷಿ ಯಾವುದಿದೆ ಎಂದು ಹುಡುಕಿ.

ಕೋಡಿನಲ್ಲಿ ಮೂರು ಎಚ್ಚರ. ಎಂಜಿನ್ ಒಂದು ಸಲಕ್ಕೆ ಒಂದೇ ಚಿತ್ರ ನೋಡುತ್ತದೆ; ಹಿಂದಿನ ಪುಟವನ್ನು ಡಿಸ್ಪೋಸ್ ಮಾಡದೆ ಮುಂದಿನದನ್ನು ಕೊಟ್ಟರೆ ಎರರ್. ಹಾಗೆಯೇ ಎಂಜಿನ್ನನ್ನು ಪ್ರೋಗ್ರಾಮ್ ತೆರೆದಾಗ ಒಮ್ಮೆ ಮಾತ್ರ ಕಟ್ಟಿ. ಓದುವ ಕೆಲಸ ಹಿನ್ನೆಲೆಯ ಥ್ರೆಡ್‌ನಲ್ಲಿ ನಡೆಯಲಿ. ಪರದೆ ಎರಡು ಸೆಕೆಂಡ್ ಗಟ್ಟಿಯಾಗಿ ನಿಂತರೂ ನಮ್ಮ ಗುಮಾಸ್ತರು "ಹ್ಯಾಂಗ್ ಆತು" ಎಂದು ಸ್ವಿಚ್ಚಿಗೆ ಕೈ ಹಾಕುತ್ತಾರೆ.

ಬಿಡಿಭಾಗ ಯಾವುದೇ ಇರಲಿ, ನಡುವೆ ಒಂದು ಗೋಡೆ ಕಟ್ಟಿ. "ಚೀಟಿ ಓದುಗ" ಎಂಬ ಒಂದು ಇಂಟರ್‌ಫೇಸ್, ಅದರಲ್ಲಿ ಒಂದೇ ಮೆಥಡ್: ಚಿತ್ರ ಒಳಗೆ, ಮೂರು ಅಂಕಿ ಹೊರಗೆ. ಬಿಲ್ಲಿಂಗ್ ಫಾರ್ಮಿಗೆ ಟೆಸರಾಕ್ಟ್ ಎಂಬ ಹೆಸರೇ ತಿಳಿಯದಿರಲಿ. ನಾಳೆ ಓಎನ್‌ಎನ್‌ಎಕ್ಸ್ ರನ್‌ಟೈಮ್ ಮೇಲೆ ಓಡುವ ಬೇರೆ ಮಾಡೆಲ್ ಸಿಕ್ಕಿತೆನ್ನಿ, ಗೋಡೆಯ ಆಚೆ ಬದಲಿಸಿದರಾಯಿತು. ಓಎನ್‌ಎನ್‌ಎಕ್ಸ್ ಎನ್ನುವುದು ಮಾಡೆಲ್‌ಗಳನ್ನು ಯಾವ ಭಾಷೆಯ ಪ್ರೋಗ್ರಾಮಿಂದಲೂ ಓಡಿಸಲು ಬರುವಂತೆ 2017ರಲ್ಲಿ ಮೈಕ್ರೋಸಾಫ್ಟ್ ಮತ್ತು ಫೇಸ್‌ಬುಕ್ ಸೇರಿ ತಂದ ಫೈಲ್ ನಮೂನೆ. ಪೈಥಾನ್‌ನಲ್ಲಿ ತಯಾರಾದ ಮಾಡೆಲ್ಲನ್ನು ಸಿ ಶಾರ್ಪ್‌ನಲ್ಲಿ ಓಡಿಸಬೇಕಾದಾಗ ನೆನಪಿಗೆ ಬರಲಿ.

ಸಾಹುಕಾರರ ಪ್ರಶ್ನೆಗೆ ಉತ್ತರ

"ಯುಗಾದಿ ಆದಮ್ಯಾಲೆ ರಾಣೆಬೆನ್ನೂರ ಪಾರ್ಟಿಗೆ ಎಷ್ಟು ಗೋವಿನಜೋಳ ಹೋಗೇತಿ?" ಈ ಮಾತನ್ನು ಹಾಗೇ ಬಡಿದರೆ ವರದಿ ಬರಬೇಕು. ಇದಕ್ಕೆ ಭಾಷಾ ಮಾಡೆಲ್, ಅಂದರೆ ಮನುಷ್ಯರ ಮಾತನ್ನು ಹಿಡಿಯಬಲ್ಲ ಮಾಡೆಲ್ ಬೇಕೇಬೇಕು.

ಇಲ್ಲಿ ಹಳೆಯ ಪ್ರೋಗ್ರಾಮಿನ ಒಂದು ಗಂಟು ಎದುರಾಯಿತು. ಆಕ್ಸೆಸ್‌ಗೆ ಸಂಪರ್ಕ ಕೊಡುವ ಹಳೆಯ ಜೆಟ್ 4.0 ಡ್ರೈವರ್ ಇರುವುದು 32 ಬಿಟ್‌ನಲ್ಲಿ ಮಾತ್ರ. ಆದ್ದರಿಂದ ಇಡೀ ಪ್ರೋಗ್ರಾಮ್ 32 ಬಿಟ್. ಹಲವು ಜಿಬಿ ಗಾತ್ರದ ಮಾಡೆಲ್ ಅದರೊಳಗೆ ಹಿಡಿಸುವುದಿಲ್ಲ. ಡೇಟಾಬೇಸ್ ಬದಲಿಸುವ ಬದಲು ಮಾಡೆಲ್ಲನ್ನೇ ಬೇರೆ ಪ್ರೊಸೆಸ್ ಆಗಿ ಕೂಡಿಸಿದೆ. ಓಲಾಮಾ ಎಂಬ ತಂತ್ರಾಂಶ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇನ್‌ಸ್ಟಾಲ್ ಮಾಡಿದರೆ ಅದೇ ಕಂಪ್ಯೂಟರಿನ 11434 ಪೋರ್ಟ್‌ನಲ್ಲಿ ಕೂತುಕೊಳ್ಳುತ್ತದೆ. ನಮ್ಮ ಪ್ರೋಗ್ರಾಮ್ ಎಚ್‌ಟಿಟಿಪಿಯಲ್ಲಿ ಜೇಸನ್ ಕಳಿಸಿ ಜೇಸನ್ ಪಡೆಯುತ್ತದೆ. ವಿಬಿ 6ರಲ್ಲಿ ಬರೆದ ಮುದಿ ಪ್ರೋಗ್ರಾಮೂ ಇಷ್ಟು ಮಾಡಬಲ್ಲದು. ಹೊಸ ಡಾಟ್ ನೆಟ್‌ನಲ್ಲಿದ್ದರೆ ಮೈಕ್ರೋಸಾಫ್ಟ್ ಎಕ್ಸ್‌ಟೆನ್ಶನ್ಸ್ ಎಐ ಎಂಬ ಪ್ಯಾಕೇಜು ನಾನು ಮೇಲೆ ಹೇಳಿದ ಗೋಡೆಯನ್ನು ಸಿದ್ಧವಾಗಿಯೇ ಕೊಡುತ್ತದೆ. ಆಚೆ ಓಲಾಮಾ ಇರಲಿ, ಇಂಟರ್ನೆಟ್ಟಿನ ಸೇವೆ ಇರಲಿ, ಈಚೆಯ ಕೋಡು ಅದೇ.

ಮಾಡೆಲ್ ಆಯ್ಕೆಯಲ್ಲಿ ಗಾತ್ರ ನೋಡಿ. 4 ಬಿಟ್‌ಗೆ ಕುಗ್ಗಿಸಿದ ಮಾಡೆಲ್‌ನಲ್ಲಿ ಪ್ರತಿ ನೂರು ಕೋಟಿ ಪ್ಯಾರಾಮೀಟರಿಗೆ (ಮಾಡೆಲ್ ಕಲಿತು ಒಳಗೆ ಇಟ್ಟುಕೊಂಡ ಅಂಕಿಗಳು) ಅರ್ಧ ಜಿಬಿಗಿಂತ ತುಸು ಹೆಚ್ಚು ಹಿಡಿಯಿರಿ. 2025ರಲ್ಲಿ ಗೂಗಲ್ ಬಿಟ್ಟ ಜೆಮ್ಮಾ 3ರ ನಾನೂರು ಕೋಟಿಯದ್ದು ಓಲಾಮಾದಲ್ಲಿ ಚಿತ್ರ ನೋಡುವ ಭಾಗವೂ ಸೇರಿ ಸುಮಾರು 3.3 ಜಿಬಿ, ಕನ್ನಡವನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ. 4 ಜಿಬಿ ಮೆಮೊರಿಯ ಅಂಗಡಿ ಕಂಪ್ಯೂಟರಿನಲ್ಲಿ ಅದನ್ನು ಹಾಕಿ, ಸಂತೆಯ ದಿನ ಬಿಲ್ಲಿಂಗೇ ನಿಂತು, ಬೈಸಿಕೊಂಡು ಬಂದವನು ನಾನು. 16 ಜಿಬಿ ಇರುವ ಒಂದೇ ಕಂಪ್ಯೂಟರಿನಲ್ಲಿ ಓಲಾಮಾ ಇಟ್ಟು, ಉಳಿದವು ಅಂಗಡಿಯ ನೆಟ್‌ವರ್ಕಿನಿಂದ ಅದನ್ನು ಕೇಳುವ ಹಾಗೆ ಮಾಡಿ. ಆದರೆ ಆ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯಬೇಡಿ, ಅದಕ್ಕೆ ತನ್ನದೇ ಬೀಗ ಇಲ್ಲ. ಐದು ನಿಮಿಷ ಯಾರೂ ಕೇಳದಿದ್ದರೆ ಓಲಾಮಾ ಮಾಡೆಲ್ಲನ್ನು ಮೆಮೊರಿಯಿಂದ ಇಳಿಸಿಬಿಡುತ್ತದೆ. ಊಟದ ನಂತರದ ಮೊದಲ ಪ್ರಶ್ನೆಗೆ ಅದಕ್ಕೇ ತಡವಾಗುತ್ತದೆ. ಕೀಪ್ ಅಲೈವ್ ಬೆಲೆಯನ್ನು ಹೆಚ್ಚಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಲೆಕ್ಕವನ್ನು ಮಾಡೆಲ್ ಕೈಗೆ ಕೊಡಬೇಡಿ. ಅದಕ್ಕೆ ಪಟ್ಟಿಗಳನ್ನು ತೋರಿಸಿ "ಕೂಡಿಸು" ಎಂದರೆ ಒಪ್ಪುವ ಹಾಗೆಯೇ ತಪ್ಪು ಮೊತ್ತ ಹೇಳುತ್ತದೆ. ಅದರಿಂದ ಎಸ್‌ಕ್ಯೂಎಲ್ ಬರೆಸಿ ನೇರ ಓಡಿಸುವುದೂ ಬೇಡ. ನಾನು ಎಂಟು ವರದಿಗಳನ್ನು ಕೈಯಿಂದ ಬರೆದಿಟ್ಟೆ: ಪಾರ್ಟಿವಾರು, ರೈತವಾರು, ಮಾಲುವಾರು, ಬಾಕಿ, ಹಮಾಲಿ ಹೀಗೆ. ಮಾಡೆಲ್ ಮಾಡಬೇಕಾದ್ದು ಇಷ್ಟೇ: ಕೇಳಿದ ಮಾತು ಯಾವ ವರದಿಗೆ ಸೇರುತ್ತದೆ, ಮಾಲು ಯಾವುದು, ಪಾರ್ಟಿ ಯಾರು, ಯಾವ ತಾರೀಕಿನಿಂದ ಯಾವ ತಾರೀಕು ಎಂದು ಜೇಸನ್‌ನಲ್ಲಿ ತುಂಬಿ ಕೊಡುವುದು. ಉತ್ತರ ಇದೇ ಅಚ್ಚಿನಲ್ಲಿ ಬರಬೇಕೆಂದು ಸ್ಕೀಮಾ ಕಟ್ಟುವ ಸೌಲಭ್ಯ ಓಲಾಮಾದಲ್ಲಿ 2024ರ ಡಿಸೆಂಬರ್‌ನಿಂದ ಇದೆ. ಟೆಂಪರೇಚರ್ (ಉತ್ತರ ಎಷ್ಟು ಅತ್ತಿತ್ತ ಓಲಾಡಬಹುದು ಎಂಬ ಅಳತೆ) ಸೊನ್ನೆಗೆ ಇಡಿ, ಇಲ್ಲಿ ಕವಿತ್ವ ಬೇಕಿಲ್ಲ. ಯಾವ ವರದಿಗೂ ಸೇರದಿದ್ದರೆ "ತಿಳಿಯಲಿಲ್ಲ" ಎನ್ನುವ ಒಂಬತ್ತನೆಯ ಆಯ್ಕೆಯನ್ನೂ ಕೊಡಿ. ಕೊಡದಿದ್ದರೆ ಎಂಟರಲ್ಲಿ ಯಾವುದೋ ಒಂದಕ್ಕೆ ಜೋತುಬೀಳುತ್ತದೆ.

ತಾರೀಕಿನ ಕಥೆ ಬೇರೆಯೇ. ಇವತ್ತು ಯಾವ ದಿನ ಎಂದು ಮಾಡೆಲ್‌ಗೆ ಗೊತ್ತಿರುವುದಿಲ್ಲ, ಪ್ರತಿ ಪ್ರಶ್ನೆಯ ಜೊತೆ ನೀವೇ ಕಳಿಸಬೇಕು. ಮೇಲಾಗಿ ನಮ್ಮ ಪೇಟೆಯ ಮಂದಿ ಕ್ಯಾಲೆಂಡರ್ ಭಾಷೆ ಮಾತಾಡುವುದಿಲ್ಲ. ಯುಗಾದಿ, ಕಾರಹುಣ್ಣಿಮೆ, ದೀಪಾವಳಿ ಪಾಡ್ಯ ಎನ್ನುತ್ತಾರೆ. ಯುಗಾದಿ 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಮಾಡೆಲ್ ಇದನ್ನು ಊಹಿಸಲು ಹೋಗಿ ಕೆಡಿಸುತ್ತದೆ. ಪಂಚಾಂಗ ನೋಡಿ ಹಬ್ಬಗಳ ಒಂದು ಸಣ್ಣ ಟೇಬಲ್ ಮಾಡಿ, ಪ್ರಶ್ನೆ ಮಾಡೆಲ್‌ಗೆ ಹೋಗುವ ಮುನ್ನ ಪ್ರೋಗ್ರಾಮೇ ತಾರೀಕು ಬದಲಿಸಲಿ. "ಹೋದ ವರ್ಷ" ಎಂದರೆ ಏಪ್ರಿಲ್ ಒಂದರ ಲೆಕ್ಕವೋ ಪಾಡ್ಯದ ಲೆಕ್ಕವೋ ಎಂದು ಅಂಗಡಿಯವರನ್ನೇ ಕೇಳಿ. ನಾನು ಕೇಳಿದಾಗ ತಂದೆ ಒಂದು ಹೇಳಿದರು, ಮಗ ಇನ್ನೊಂದು ಹೇಳಿದ.

ವರದಿಯ ತಲೆಯ ಮೇಲೆ ಮಾಡೆಲ್ ಏನು ಅರ್ಥ ಮಾಡಿಕೊಂಡಿತು ಎಂದು ಒಂದು ಸಾಲು ಬರಲಿ: ಮಾಲು ಗೋವಿನಜೋಳ, ಇಂಥ ಪಾರ್ಟಿ, ಇಂಥ ತಾರೀಕಿನಿಂದ. ತಪ್ಪಿದ್ದರೆ ಅಲ್ಲೇ ಕಾಣುತ್ತದೆ.

ಮಾತಿನಲ್ಲಿ ಕೇಳುವ ಸೌಲಭ್ಯಕ್ಕೆ ವಿಸ್ಪರ್ ಎಂಬ ಮಾಡೆಲ್ ಇದೆ, ಅದರ ಡಾಟ್ ನೆಟ್ ಹೊದಿಕೆಯೂ ಇದೆ. ಆದರೆ ಅದರ ತರಬೇತಿಯಲ್ಲಿ ಕನ್ನಡದ ಪಾಲು ತೀರಾ ಸಣ್ಣದು, "ಹೋಗೇತಿ" ಎಂದರೆ ಅದು ಏನೇನೋ ಬರೆಯಿತು. ಸದ್ಯ ಬಿಟ್ಟಿದ್ದೇನೆ.

ಕೊಂಡು ತರುವ ಬಿಡಿಭಾಗಗಳು, ಕೀಲಿಗಳು

ಡೆವ್ ಎಕ್ಸ್‌ಪ್ರೆಸ್, ಸಿಂಕ್‌ಫ್ಯೂಷನ್ ಇಂಥವರು ಎಐ ಸೇರಿಸಿದ ಗ್ರಿಡ್, ಎಡಿಟರುಗಳನ್ನು ಮಾರುತ್ತಾರೆ. ಅವರ ಲೈಸೆನ್ಸ್ ಈಗಾಗಲೇ ನಿಮ್ಮಲ್ಲಿದ್ದರೆ ಬಳಸಿ, ಕೆಲಸ ಬೇಗ ಆಗುತ್ತದೆ. ಆದರೆ ಡೆವ್ ಎಕ್ಸ್‌ಪ್ರೆಸ್‌ನದು ಕೊಂಡರೆ ಬರುವುದು ಹೊರಗಿನ ಕಂಟ್ರೋಲ್ ಮಾತ್ರ. ಮಾಡೆಲ್‌ನ ಕೀಲಿ (ಎಪಿಐ ಕೀ), ಅದರ ಬಿಲ್ಲು ನಿಮ್ಮದೇ. ಬೇರೆಯವರದ್ದು ಕೊಳ್ಳುವಾಗಲೂ ಈ ಮಾತು ಮೊದಲೇ ಕೇಳಿಕೊಳ್ಳಿ. ಇಂಟರ್ನೆಟ್ ಸೇವೆಯ ಕೀಲಿಯನ್ನು ಪ್ರೋಗ್ರಾಮಿನೊಳಗೆ ಬರೆದಿಡಬೇಡಿ. ಡಾಟ್ ನೆಟ್ ಫೈಲನ್ನು ಬಿಚ್ಚಿ ನೋಡುವ ಸಾಧನಗಳು ಪುಕ್ಕಟೆ ಸಿಗುತ್ತವೆ, ಯಾರೋ ನಿಮ್ಮ ಖರ್ಚಿನಲ್ಲಿ ಮಜಾ ಮಾಡುತ್ತಾರೆ. ನಡುವೆ ನಿಮ್ಮದೊಂದು ಸಣ್ಣ ಸರ್ವರ್ ಇರಲಿ. ರೈತರ ಹೆಸರು, ಬ್ಯಾಂಕ್ ಖಾತೆ, ಫೋನ್ ನಂಬರು ಹೊರಗೆ ಕಳಿಸುವ ಮುನ್ನ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೆನಪಿರಲಿ. ನಾನು ಓಲಾಮಾ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ಸಂತೆಯ ದಿನವೇ ನೆಟ್ ಕೈಕೊಡುವ ರೂಢಿ.

ಪರವಾನಗಿ ಎರಡು ಕಡೆ ನೋಡಬೇಕು: ಬಿಡಿಭಾಗದ್ದು ಬೇರೆ, ಮಾಡೆಲ್‌ನದು ಬೇರೆ. ಓಎನ್‌ಎನ್‌ಎಕ್ಸ್ ರನ್‌ಟೈಮ್, ವಿಸ್ಪರ್ ಇವು ಎಂಐಟಿ ಪರವಾನಗಿಯವು, ತೊಂದರೆ ಇಲ್ಲ. ಜೆಮ್ಮಾ 3ಕ್ಕೆ ಗೂಗಲ್‌ನ ಸ್ವಂತ ಷರತ್ತುಗಳಿವೆ, ಓದಿಕೊಳ್ಳಿ.

ಅಂಗಡಿಯಲ್ಲಿ ಕೂಡಿಸುವಾಗ

ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಅಂಗಡಿಯಲ್ಲಿ "ಡಿಎಲ್‌ಎಲ್ ಲೋಡ್ ಆಗಲಿಲ್ಲ" ಎಂದರೆ ಹತ್ತರಲ್ಲಿ ಒಂಬತ್ತು ಸಲ ವಿಷುಯಲ್ ಸಿ ಪ್ಲಸ್ ಪ್ಲಸ್‌ನ ರೀಡಿಸ್ಟ್ರಿಬ್ಯೂಟಬಲ್ ಇರುವುದಿಲ್ಲ, ಅಥವಾ 32 ಮತ್ತು 64 ಬಿಟ್ ಕಲಸಿಹೋಗಿರುತ್ತದೆ. ಸೆಟಪ್ ಒಳಗೇ ಆ ರೀಡಿಸ್ಟ್ರಿಬ್ಯೂಟಬಲ್ ಸೇರಿಸಿ. ವಿಂಡೋಸ್ 7 ಇನ್ನೂ ಉಸಿರಾಡುತ್ತಿದ್ದರೆ ಡಾಟ್ ನೆಟ್ ಫ್ರೇಮ್‌ವರ್ಕ್ 4.8 ಮತ್ತು ಟೆಸರಾಕ್ಟ್ ನಡೆಯುತ್ತವೆ, ಓಲಾಮಾ ನಡೆಯುವುದಿಲ್ಲ. ಅದಕ್ಕೆ ವಿಂಡೋಸ್ 10 ಬೇಕು. ಅದಕ್ಕೂ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೊಸ ಕಂಪ್ಯೂಟರ್ ಕೊಳ್ಳುವ ಮಾತು ಬಂದರೆ ಇದನ್ನು ಹೇಳಿ. ಮಾಡೆಲ್ ಫೈಲನ್ನು ಅಂಗಡಿಯ ನೆಟ್‌ನಿಂದ ಇಳಿಸುತ್ತ ಕೂರಬೇಡಿ, ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ.

ಕೊಡುವ ಮುನ್ನ ಆ ಅಂಗಡಿಯದೇ ನೂರು ಹಳೆಯ ಚೀಟಿ, ಸಾಹುಕಾರರು ನಿಜವಾಗಿ ಕೇಳಿದ ಐವತ್ತು ಪ್ರಶ್ನೆ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡು ಸರಿಯುತ್ತರವನ್ನು ಪಕ್ಕದಲ್ಲಿ ಬರೆದಿಡಿ. ಮಾಡೆಲ್ ಬದಲಿಸಿದಾಗಲೆಲ್ಲ ಅದರ ಮೇಲೆ ಓಡಿಸಿ ನೋಡಿ. ಹೊಸ ಮಾಡೆಲ್ ಹಳೆಯದಕ್ಕಿಂತ ಕೆಟ್ಟದಾಗಿ ಓದಿದ್ದು ನನಗೆ ಎರಡು ಸಲ ಹೀಗೇ ಸಿಕ್ಕಿತು. ಗುಮಾಸ್ತರು ತಿದ್ದಿದ ಪ್ರತಿಯೊಂದು ಚೀಟಿಯೂ ಆ ಫೋಲ್ಡರಿಗೆ ತಾನಾಗಿ ಬೀಳುವ ಹಾಗೆ ಮಾಡಿ.

ಸೆಟ್ಟಿಂಗ್ಸ್‌ನಲ್ಲಿ ಎಐ ಬೇಡ ಎನ್ನುವ ಒಂದು ಚೆಕ್‌ಬಾಕ್ಸ್ ಇರಲಿ. ಅದನ್ನು ಒತ್ತಿದರೆ ಪ್ರೋಗ್ರಾಮ್ ಮೊದಲಿನಂತೆಯೇ ನಡೆಯಬೇಕು. ಆ ಅಂಗಡಿಯ ಹಿರಿಯ ಗುಮಾಸ್ತರು ಮೊದಲ ವಾರ ಪೂರಾ ಎಐ ಆಫ್ ಮಾಡಿಯೇ ಇಟ್ಟಿದ್ದರು. ಎರಡನೆಯ ವಾರ ಲಾರಿಗಳ ಸಾಲು ಬೆಳೆದ ದಿನ ಫೋನ್ ಬಂತು: "ತಮ್ಮಾ, ಆ ಚೀಟಿ ಓದೋದು ಮತ್ತ ಎಲ್ಲಿಂದ ಚಾಲೂ ಮಾಡೂದು?"